ಸುಳ್ಳು ಹೂಂ

ತಾಲ್ಕಾವಾನೋದ ಕ್ಲಿನಿಕ್ಕಿನಲ್ಲಿ ಮೂರನೇ ವರ್ಷದ ಮಗಾಲಿ
ಗಾಜಿನಾಚೆಯ ಮುದುಕನಿಗೆ ಹೇಳಿದ್ದು ಇಷ್ಟೇ:
ಕೇಳಿಸಿದರೆ ಕೈ ಎತ್ತಿ, ದೋನ್ ಎಲಿಸೆಯೋ.

ನಾಲ್ಕು ಸಾವಿರ ಹರ್ಟ್ಸ್. ಎಪ್ಪತ್ತು ಡೆಸಿಬಲ್.
ಸುಮ್ಮನಿದ್ದ.
ಎಂಬತ್ತು. ಕೋಟಿನ ಗುಂಡಿ ತಿರುವುತ್ತ ಕೂತ.
ಇವಳು ತನ್ನ ಗುಂಡಿಯಿಂದ ಬೆರಳು ತೆಗೆದಳೋ ಇಲ್ಲವೋ
ಎತ್ತಿಯೇಬಿಟ್ಟ ಕೈ.

'ಅದು ಸುಳ್ಳು ಹೂಂ, ಬರಕೋ,' ಎಂದರು ಮೇಡಂ.
ಪುಸ್ತಕದಲ್ಲೂ ಹಾಗೇ ಇದೆ.

ಹಡಗುಕಟ್ಟೆಯಲ್ಲಿ ಮೂವತ್ತೆಂಟು ವರ್ಷ
ತಗಡಿನ ಬಡಿತ ಕುಡಿದ ಕಿವಿ;
ಸುತ್ತಿಗೆ ಕೆಳಗಿಟ್ಟ ಮೇಲೂ
ಒಳಗೆ ಯಾರೋ ಬಡಿಯುತ್ತಲೇ ಇದ್ದಾರೆ.
ಅದಕ್ಕೆ ಈ ನಕ್ಷೆಯಲ್ಲಿ ಮನೆಯಿಲ್ಲ.

ಹೆಡ್‌ಫೋನ್ ಬಿಚ್ಚುತ್ತ ಕೇಳಿದ, ಶಾಲೆ ಹುಡುಗನ ಹಾಗೆ:
'ಎಷ್ಟು ಸರಿ ಬಂತು ಮಗಳೇ?'

ಅವಳು ಪೆನ್ಸಿಲ್ ಕಿವಿಗೆ ಸಿಕ್ಕಿಸಿ
ಬೆಳಕಿಗೆ ಮುಖ ತಿರುಗಿಸಿ,
ತುಟಿ ಕಾಣುವ ಹಾಗೆ, ನಿಧಾನ ಕೇಳಿದಳು:
ಈಗ? ಈಗೇನು ಕೇಳಿಸ್ತಿದೆ?