ಬಲಗಾಲು ಒಂದು ಬೆರಳು ಗಿಡ್ಡ

ನೀವೆಸ್ ಜಪ್ಪತೆರ್ರಾಳ ಅಂಗಡಿಗೆ ಬೋರ್ಡಿಲ್ಲ.
ಫೆರಾರಾದ ಉರುಟುಗಲ್ಲಿನ ಓಣಿಯಲ್ಲಿ
ಗೋಡೆಗೊರಗಿದ ಕರಿ ಸೈಕಲ್ಲು ಕಂಡರೆ
ಅವಳು ಒಳಗಿದ್ದಾಳೆ.
ಕಾಣದಿದ್ದರೆ ನಾಳೆ ಬನ್ನಿ.

ಸೈಕಲ್ಲು ಅವಳ ಸೋದರತ್ತೆಯದು,
ಐವತ್ತಮೂರನೇ ಇಸವಿಯದು.
ಬ್ರೇಕಿಗೆ ತಂತಿಯಲ್ಲ, ಕಬ್ಬಿಣದ ಸರಳು;
ಒತ್ತಿದರೆ ಅರೆಗಳಿಗೆ ಯೋಚಿಸಿ
ಆಮೇಲೆ ನಿಲ್ಲುತ್ತದೆ, ಹಳೇ ಗುಮಾಸ್ತರ ಹಾಗೆ.
ಹಿಂದಿನ ಚಕ್ರಕ್ಕೆ ಕ್ರೋಶಾ ಬಲೆ,
ಹಸಿರು, ಇಟ್ಟಿಗೆಗೆಂಪು, ಸಿಕ್ಕಿದ ದಾರವೆಲ್ಲ ಸೇರಿ,
ಲಂಗದ ಅಂಚು ಕಡ್ಡಿಗೆ ಸಿಗದಂತೆ.
ಬೆಲ್ಲಿನ ಮುಚ್ಚಳ ಸೀಳಿದೆ. ‘ಟ್ರಿಣ್’ ಅನ್ನಬೇಕಾದಲ್ಲಿ
‘ಟ್ರ’ ಮಾತ್ರ. ಸಾಕು.
ಈ ಊರಿನ ಮಂಜಿನಲ್ಲಿ ಅಷ್ಟು ಕೇಳಿದರೆ
ಬ್ರೆಡ್ಡಿನಂಗಡಿಯವನು ನೋಡದೆಯೇ
ಒಂದು ಹೆಜ್ಜೆ ಪಕ್ಕಕ್ಕಿಡುತ್ತಾನೆ.

ನಾನು ಗುಡ್ಡದೂರಿನಿಂದ ವರ್ಗವಾಗಿ ಬಂದವನು.
ಸೈಕಲ್ಲೆಂದರೆ ಮೈಗಂಟುವ ಬಟ್ಟೆ ತೊಟ್ಟು
ಭಾನುವಾರ ಬೆವರುವ ವ್ರತ ಅಂದುಕೊಂಡಿದ್ದವನು.
ಇಲ್ಲೋ, ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ ಜನ.
ಉಣ್ಣೆಯ ಉದ್ದ ಕೋಟು, ಮುತ್ತಿನ ಸರ,
ಹ್ಯಾಂಡಲಿಗೆ ಈರುಳ್ಳಿ ಹೂವಿನ ಚೀಲ ತೂಗುಬಿಟ್ಟು
ಎಪ್ಪತ್ತು ದಾಟಿದ ಅಜ್ಜಿ
ನೆಟ್ಟಗೆ ಕೂತು ಹೋಗುತ್ತಾಳೆ,
ಮನೆಯ ಕುರ್ಚಿಯಿಂದ ಎದ್ದೇ ಇಲ್ಲವೇನೋ ಎಂಬಂತೆ.
ಮೂರನೇ ದಿನಕ್ಕೆ ಚೈನು ನನ್ನ ಪ್ಯಾಂಟು ಕಚ್ಚಿತು.

ಗಾಯ ನೋಡುವ ಹಾಗೆ ಅಂಚು ಎತ್ತಿ ನೋಡಿದಳು ನೀವೆಸ್.
ಬಾಯಲ್ಲಿ ಮೂರು ಗುಂಡುಪಿನ್ನು, ಅವುಗಳ ಸಂದಿಯಿಂದ ಮಾತು:
‘ಎಡಗಾಲು ಊರಿಗೆ, ಬಲಗಾಲು ಚೈನಿಗೆ.’
ಉಳಿದದ್ದು ಕತ್ತರಿ ಹೇಳಿತು.
ತಂದು ತೊಟ್ಟರೆ ಬಲಗಾಲು ಒಂದು ಬೆರಳು ಗಿಡ್ಡ.
ಕೋಟಿನ ಬೆನ್ನಿನ ಸೀಳಿಗೆ ಒಂದು ಗುಂಡಿ,
ಹತ್ತುವಾಗ ಬಿಚ್ಚಲು, ಇಳಿದಾಗ ಮರ್ಯಾದೆಗೆ.
ತೋಳು ಮಡಚಿದರೆ ಒಳಗೊಂದು ಬಿಳಿ ಪಟ್ಟಿ,
ಕತ್ತಲಲ್ಲಿ ಕೈ ತೋರಿಸಿ ತಿರುಗಲು.
ಯಾವುದನ್ನೂ ನಾನು ಕೇಳಿರಲಿಲ್ಲ.
ಪ್ಯಾಂಟಿಗೆ ಎಂಟು ಯೂರೋ. ಮಿಕ್ಕದ್ದಕ್ಕೆ ಲೆಕ್ಕವಿಲ್ಲ.

ಆಮೇಲಿಂದ ನನ್ನ ನೋಟ ಕೆಟ್ಟಿತು.
ಬ್ಯಾಂಕಿನ ಸರದಿಯಲ್ಲಿ, ಔಷಧಿ ಅಂಗಡಿಯಲ್ಲಿ,
ಚರ್ಚಿನ ಮೆಟ್ಟಿಲ ಮೇಲೆ
ಗಂಡಸರ ಕಾಲು ನೋಡುತ್ತ ನಿಲ್ಲುತ್ತೇನೆ:
ಗಿಡ್ಡ, ಗಿಡ್ಡ,
ಇವನದಲ್ಲ (ಕಾರಿನವನು, ಪಾಪ),
ಗಿಡ್ಡ.

ಏಪ್ರಿಲಿನಲ್ಲಿ ಸೈಕಲ್ ರಿಪೇರಿಯ ಲಿವಿಯೋನ ಮಗ
ಎರ್ಮೆಸನಿಗೆ ಮದುವೆ. ಹುಡುಗಿ ಮಿಲಾನಿನವಳು.
ಬೂದು ಸೂಟು ನೀವೆಸಳ ಹೊಲಿಗೆ,
ಅಳೆದೂ ಸುರಿದೂ ಆರು ವಾರದ್ದು.
ಪುರಸಭೆಯ ಮೆಟ್ಟಿಲಲ್ಲಿ ಫೋಟೋಗೆ ನಿಂತಾಗ
ಹುಡುಗಿಯ ತಾಯಿಯ ಕಣ್ಣು ಕೆಳಗಿಳಿಯಿತು,
ಅಲ್ಲೇ ಕೂತಿತು.
‘ಅಳತೆ ತಪ್ಪಿದೆ!’
‘ಇಲ್ಲ,’ ಹಿಂದಿನ ಸಾಲಿನಿಂದ ನೀವೆಸ್,
‘ಮನೆಗೆ ಹೋಗೋದು ಹೇಗೆ ಮತ್ತೆ?’
ಯಾರೂ ನಗಲಿಲ್ಲ. ಅದು ತಮಾಷೆಯಾಗಿರಲಿಲ್ಲ.

ಕೆಳಗೆ ಕಾದಿತ್ತು ಕರಿ ಸೈಕಲ್ಲು,
ಚಕ್ರಕ್ಕೆ ಹೊಸ ಬಲೆ, ಈ ಸಲ ಬರೀ ಬಿಳಿ.
ಮಿಲಾನಿನ ದುಬಾರಿ ಉಡುಪಿನ ಪಕ್ಕೆಯಲ್ಲಿ
ರಾತ್ರೋರಾತ್ರಿ ಹುಟ್ಟಿಕೊಂಡ ಗುಂಡಿಯನ್ನು
ಮದುಮಗಳು ಬೆರಳಲ್ಲೇ ಹುಡುಕಿ ಬಿಚ್ಚಿದಳು,
ಸೀಟಿನ ಮೇಲೆ ಕೂತಳು,
ಪೆಡಲಿಗೆ ಕಾಲು ಕೊಟ್ಟಳು.
ಅವನು ಹಿಂದೆ, ಕ್ಯಾರಿಯರಿನಲ್ಲಿ,
ಆ ಗಿಡ್ಡ ಬಲಗಾಲನ್ನು
ಕೆಲಸವಿಲ್ಲದೆ ಗಾಳಿಯಲ್ಲಿ ಆಡಿಸುತ್ತ.
ಇದನ್ನು ಮಾತ್ರ ನೀವೆಸ್ ಅಳೆದಿರಲಿಲ್ಲ.
‘ಟ್ರ,’ ಅಂತು ಬೆಲ್ಲು, ಚೌಕ ದಾರಿ ಬಿಟ್ಟಿತು.

ಮೂರು ದಿನ ಸೈಕಲ್ಲು ವಾಪಸು ಬರಲಿಲ್ಲ.
ಮೂರು ದಿನ ಗಿರಾಕಿಗಳು ಖಾಲಿ ಗೋಡೆ ನೋಡಿ
ನಾಳೆ ಬರೋಣವೆಂದು ತಿರುಗಿ ಹೋದರು.
ಅವಳೋ ಒಳಗೇ ಇದ್ದಳು, ದೀಪದ ಕೆಳಗೆ,
ಯಾರದೋ ಬಲಗಾಲು ಮಡಚುತ್ತ,
ಊರಿಗೇನಾಯಿತು, ಎಲ್ಲರೂ ನಡೆಯತೊಡಗಿದರೇ ಎಂದು
ಬಾಯಲ್ಲಿನ ಪಿನ್ನುಗಳನ್ನು ಕೇಳುತ್ತ.