ಕಪಾಟಿನ ಹಿಂದಿನ ಇಲಿ

ಮೂರು ರಾತ್ರಿ ಕಟಕಟ ಸದ್ದು ಕೇಳಿ
ಕಪಾಟಿನ ಹಿಂದೆ ಬೋನಿಟ್ಟರು ಇವರು,
ಒಣಕೊಬ್ಬರಿ ಸಿಕ್ಕಿಸಿ.
ನಾಲ್ಕನೆಯ ರಾತ್ರಿ ಟಾರ್ಚು ಹಿಡಿದು ಹುಡುಕಿದರೆ
ಇಲಿ ನಾನೇ.
ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದೆ.

ಕಾರವಾರದ ದಂತವೈದ್ಯೆ ಕನ್ನಡಿ ಹಿಡಿದಳು:
ನೋಡಿ, ತೇದ ಗಂಧದ ಕೊರಡಿನ ಹಾಗಿದೆ ದವಡೆಹಲ್ಲು.
ಏನು ಕೆಲಸ?
ಕರೆಂಟ್ ಬಿಲ್ಲಿನ ಕೌಂಟರ್, ಅಂದೆ ಬಾಯಿ ತೆರೆದುಕೊಂಡೇ.
ಹೇಳಲಿಲ್ಲ:
ಮಾರ್ಚಿನ ಲೆಕ್ಕದಲ್ಲಿ ತಾಳೆಯಾಗದ ನಲವತ್ತೆರಡು ರೂಪಾಯಿ,
ಅತ್ತೆಯ ಇನ್ಸುಲಿನ್,
ಗಾಜಿನಾಚೆ ಬೈದವರಿಗೆಲ್ಲ 'ಸ್ವಲ್ಪ ಕೂತ್ಕೊಳ್ಳಿ' ಅಂದು ನುಂಗಿದ್ದು.
ನುಂಗಿದ್ದು ಹೊಟ್ಟೆಗೇನೂ ಹೋಗಿಲ್ಲ.
ಅಲ್ಲೇ, ಹಲ್ಲಿನ ಸಂದಿಯಲ್ಲಿ ಕೂತಿದೆ.

ಸಂಜೆ ಬೈತಖೋಲ. ಬಂಗಡೆ ಕೊಳ್ಳಲು ಹೋದವಳು
ಸುಮ್ಮನೆ ನಿಂತೆ.
ಉಮಾಕಾಂತ ಹರಿಕಂತ್ರ ದೋಣಿ ಕಟ್ಟುತ್ತಿದ್ದ.
ಹಗ್ಗ ಇಷ್ಟು ಸಡಿಲ, ಹೋಗಿಬಿಡೂದಿಲ್ವಾ?
"ಬಿಗಿ ಕಟ್ಟಿದ್ರೇ ತ್ರಾಸು, ಅಕ್ಕಾ.
ರಾತ್ರಿ ಭರತಿ ಬರ್ತದೆ. ದೋಣಿ ಏಳ್ಬೇಕು, ಹಗ್ಗ ಬಿಡೂದಿಲ್ಲ.
ಆಗ ನೋಡಿ, ಮೂತಿ ನೀರೊಳಗೆ."
ಬಂಗಡೆಗೆ ಮಾತ್ರ ಒಂದು ರೂಪಾಯಿ ಬಿಡಲಿಲ್ಲ ಮಾರಾಯ.

ಈಗ ಹಲ್ಲಿಗೊಂದು ಪ್ಲಾಸ್ಟಿಕ್ ಕವಚ.
ದೀಪ ಆರಿಸಿ ದವಡೆ ಬಿಡುತ್ತೇನೆ,
ಹೆಗಲು ಬಿಡುತ್ತೇನೆ,
ಯಾವಾಗ ಕಟ್ಟಿಕೊಂಡಿತ್ತೋ ಈ ಮುಷ್ಟಿ,
ಅದನ್ನೂ, ಬೆರಳು ಬೆರಳಾಗಿ.
ಕೆಲವು ರಾತ್ರಿ ಆಗುತ್ತದೆ. ಕೆಲವು ರಾತ್ರಿ
ನಲವತ್ತೆರಡನ್ನು ಮತ್ತೆ ಕೂಡಿಸುತ್ತೇನೆ.

ಬೋನು ಇನ್ನೂ ಅಲ್ಲೇ ಇದೆ.
"ಇರಲಿ ಬಿಡು" ಅನ್ನುತ್ತಾರೆ ಇವರು.
ವಾರಕ್ಕೊಮ್ಮೆ
ಕೊಬ್ಬರಿ ಬದಲಾಯಿಸುತ್ತಾರೆ.