ಎರಡು ಗ್ರಾಂ ಯಾವುದರದು?

ಕೊಲ್ಚಾನಿಯಲ್ಲಿ ಹಗಲೆಲ್ಲ ಕಣ್ಣು ಕುಕ್ಕುವ ಬಿಳುಪು.
ಬಯಲಿನಿಂದ ಕೆರೆದು ತಂದ ಉಪ್ಪನ್ನು
ಅಪ್ಪ ತಗಡಿನ ಮೇಲೆ ಒಣಗಿಸುತ್ತಾನೆ,
ತಮ್ಮ ಬೀಸುತ್ತಾನೆ,
ನಾನು ಕಿಲೋ ಕಿಲೋ ತುಂಬಿ
ಗ್ಯಾಸಿನ ಉರಿಗೆ ಪೊಟ್ಟಣದ ಬಾಯಿ ಒಡ್ಡಿ ಅಂಟಿಸುತ್ತೇನೆ.
ಬೆರಳ ತುದಿಯಲ್ಲಿ ಗೆರೆಗಳೇ ಉಳಿದಿಲ್ಲ.
ಗುರುತಿನ ಚೀಟಿಗೆಂದು ಹೋದಾಗ
ಯಂತ್ರ ನನ್ನನ್ನು ಒಪ್ಪಲೇ ಇಲ್ಲ.

ಐವತ್ತು ಕಿಲೋ ರಾಶಿಗೆ ಎರಡು ಗ್ರಾಂ ಅಯೋಡಿನ್:
ಗೋಡೆಯ ಮೇಲೆ ಇಲಾಖೆಯವರು ಅಂಟಿಸಿದ ಕಾಗದ.
ಡಬ್ಬಿಯಲ್ಲಿ ಬಿಳಿ ಪುಡಿ, ಪೊಟ್ಯಾಸಿಯಂ ಅಯೋಡೇಟ್.
ತೂಗಿದೆ. ಎರಡು ಗ್ರಾಂ.
ಬಂಗಾರ ತೂಗುವಂತೆ, ಉಸಿರು ಬಿಗಿಹಿಡಿದು.
ಎಂಟು ತಿಂಗಳು.

ರಾತ್ರಿ ಶಾಲೆಯಲ್ಲಿ ಎಲಿಯೊದೋರೊ ಮೇಷ್ಟ್ರು
ನಮ್ಮದೇ ಪೊಟ್ಟಣದ ಒಂದು ಚಿಟಿಕೆಗೆ
ಪರೀಕ್ಷೆಯ ಹನಿ ಬಿಟ್ಟರು.
ನೀಲಿ ಬಂತು,
ಒಗೆದು ಒಗೆದು ಸೋತ ಲಂಗದ ನೀಲಿ.
'ನಿಲ್ಡಾ, ಎಷ್ಟು ಹಾಕಿದೆ?'
'ಎರಡು ಗ್ರಾಂ.'
'ಎರಡು ಗ್ರಾಂ ಯಾವುದರದು?'

ಹಲಗೆಯ ಮೇಲೊಬ್ಬ ಹೆಂಗಸನ್ನು ಬರೆದರು,
ಬೆನ್ನಿಗೆ ಕೂಸು, ಕೈಯಲ್ಲಿ ಮೂರು ಗಂಟು.
ಅವಳು ಅಯೋಡಿನ್, ನೂರ ಇಪ್ಪತ್ತೇಳು.
ಕೂಸು ಪೊಟ್ಯಾಸಿಯಂ, ಮೂವತ್ತೊಂಬತ್ತು.
ಗಂಟುಗಳು ಆಕ್ಸಿಜನ್, ಒಂದೊಂದೂ ಹದಿನಾರು.
'ತಕ್ಕಡಿಗೆ ಎಲ್ಲರೂ ಹತ್ತುತ್ತಾರೆ, ಇನ್ನೂರ ಹದಿನಾಲ್ಕು.
ನಿನಗೆ ಬೇಕಾದವಳು ಅವಳೊಬ್ಬಳು.
ತೂಕ ನಂಬಬೇಡ, ತಲೆ ಎಣಿಸು.'

ಅಷ್ಟು ಸಣ್ಣ ತಲೆಗಳನ್ನು ಎಣಿಸುವವರು ಯಾರು?
ಹಿಂದಿನ ಬೆಂಚಿನ ವಿದಾಲ್ ನಕ್ಕ.
ಮೊಟ್ಟೆಗೆ ಡಜನ್, ಕಾಗದಕ್ಕೆ ರೀಮು, ಇದಕ್ಕೆ ಮೋಲು:
ಆರು ಬರೆದು ಮುಂದೆ ಇಪ್ಪತ್ತಮೂರು ಸೊನ್ನೆ.
ಬರೆಯುತ್ತಾ ಬರೆಯುತ್ತಾ
ಹದಿನಾಲ್ಕನೇ ಸೊನ್ನೆಗೆ ಸೀಮೆಸುಣ್ಣ ಮುರಿಯಿತು.
'ಉಯೂನಿಯ ಬ್ಯಾಂಕಿನಲ್ಲಿ ನಾಣ್ಯ ಎಣಿಸುತ್ತಾರೆಯೇ?
ಚೀಲ ತೂಗುತ್ತಾರೆ.
ಒಂದರ ತೂಕ ಗೊತ್ತಿದ್ದರೆ ತೂಗುವುದೇ ಎಣಿಸುವುದು.'

ಎರಡನ್ನು ನೂರ ಇಪ್ಪತ್ತೇಳರಿಂದ ಭಾಗಿಸಿದೆ,
ಸೊನ್ನೆ ಬಿಂದು ಸೊನ್ನೆ ಒಂದು ಐದು ಏಳು.
ಮೋಲಿನ ಇಷ್ಟೇ ಇಷ್ಟು ಚೂರು.
ಎಷ್ಟು ಹೆಂಗಸರೋ ಅಷ್ಟೇ ಕೂಸು, ಅಷ್ಟೇ ಸಂಸಾರ.
ಇನ್ನೂರ ಹದಿನಾಲ್ಕರಿಂದ ಗುಣಿಸಿದೆ.
ಮೂರು ಗ್ರಾಂ, ಮೇಲೆ ಮೂವತ್ತೇಳು ಪಾಲು.
ಪೆನ್ಸಿಲು ಕೆಳಗಿಟ್ಟೆ.

ನಾನು ಹಾಕಿದ ಎರಡರಲ್ಲಿ
ಅವಳಿದ್ದದ್ದು ಒಂದು ಗ್ರಾಂಗೆ ತುಸು ಹೆಚ್ಚು.
ಮಿಕ್ಕದ್ದು ಕೂಸು, ಗಂಟು.

ಎಂಟು ತಿಂಗಳ ಪೊಟ್ಟಣಗಳು
ಲಾರಿ ಹತ್ತಿ ಒರುರೋ ದಾಟಿವೆ.
ಯಾರದೋ ಸಾರಿಗೆ, ಯಾವಳೋ ಬಸುರಿಯ ಗಂಜಿಗೆ
ಬಿದ್ದು ಕರಗಿವೆ.
ಸಮೀಕರಣದ ಬಾಣ ಒಂದೇ ಕಡೆಗೆ ಮುಖ ಮಾಡಿದೆ,
ಕೂಗಿದರೆ ತಿರುಗಿ ನೋಡುವುದಿಲ್ಲ.
ಅಪ್ಪನಿಗೆ ಹೇಳಿದೆ.
ಅಪ್ಪ ಬಹಳ ಹೊತ್ತು ತಗಡನ್ನೇ ಕೆದಕುತ್ತಿದ್ದ.
'ನಾಳೆಯಿಂದ ಸರಿಯಾಗಿ ಹಾಕು' ಅಂದ.

ಅಜ್ಜಿ ಸಾತುರ್ನಿನಾ
ಕೊರಳ ಗಳಗಂಡವನ್ನು ಶಾಲಿನಲ್ಲಿ ಮುಚ್ಚಿ ಕೂರುತ್ತಾಳೆ.
ಫೋಟೋ ತೆಗೆಯುವವರು ಬಂದರಂತೂ ಗಂಟು ಬಿಗಿಯುತ್ತಾಳೆ.
ಅವಳ ಪಕ್ಕದಲ್ಲೇ ಲೆಕ್ಕ ಹಾಕಿದೆ,
ದಿನಕ್ಕೊಬ್ಬರಿಗೆ ಬೇಕಾದ್ದು
ಗ್ರಾಮಿನ ಹತ್ತು ಲಕ್ಷ ಪಾಲಿನಲ್ಲಿ ನೂರೈವತ್ತು.
ಕಣ್ಣಿಗೆ ಕಾಣದು, ತಕ್ಕಡಿ ಅಲ್ಲಾಡದು.
ಎಣಿಸಿದರೆ ಏಳರ ಮುಂದೆ ಹದಿನೇಳು ಸೊನ್ನೆ.
ಅಷ್ಟೊಂದು ಜನ
ದಿನವೂ ಬರಬೇಕಿತ್ತು ಈ ಕೊರಳಿಗೆ.
ಇವಳ ಬಾಲ್ಯದಲ್ಲಿ ಒಬ್ಬರೂ ದಾರಿ ಕೇಳಿ ಬರಲಿಲ್ಲ.

'ಏನು ಗೀಚುತ್ತಿದ್ದೀ?'
'ಉಪ್ಪಿನ ಲೆಕ್ಕ.'
'ಉಪ್ಪಿಗೇನು ಲೆಕ್ಕ, ಹೊರಗೆ ನೋಡು' ಎಂದು
ಬಾಗಿಲಾಚೆಯ ಬಿಳುಪಿಗೆ ಗಲ್ಲ ಎತ್ತಿದಳು.

ಬೆಳಿಗ್ಗೆ ಮೂರು ಗ್ರಾಂ ಮೂವತ್ತೇಳು ತೂಗಿ
ನೀರಲ್ಲಿ ಕರಗಿಸಿ, ಚಿಮುಕಿಸಿ,
ರಾಶಿಯನ್ನು ಸಲಿಕೆಯಿಂದ ಏಳು ಸಲ ಮಗುಚಿದೆ.
ಒಂದು ಹನಿ ಬಿಟ್ಟೆ.
ನೇರಳೆಗೆ ತಿರುಗುವಷ್ಟು ದಟ್ಟ ನೀಲಿ.
ಅಜ್ಜಿ ಇನ್ನೊಂದು ಮೂಲೆಯಿಂದ ಚಿಟಿಕೆ ತೆಗೆದು
ನಾಲಿಗೆಗಿಟ್ಟು ಚಪ್ಪರಿಸಿದಳು.
'ಮೊದಲಿನ ಹಾಗೇ ಇದೆಯಲ್ಲೇ' ಅಂದಳು.